ಕಾಲಾ ಆಜಾರ್: ಪ್ರಯೋಗಾಲಯದಿಂದ ಬಡವರ ಗುಡಿಸಲಿಗೆ

ಉಷ್ಣವಲಯದ ಹಲವು ರೋಗಗಳಿಗೂ ಬಡತನಕ್ಕೂ ನಿಕಟ ಸಂಬಂಧವಿದೆ. ಕಾಲಾ ಆಜಾರ್ ಇದಕ್ಕೆ ಸ್ಪಷ್ಟ ನಿದರ್ಶನ. ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ ಮತ್ತು ಉತ್ತರ ಪ್ರದೇಶಗಳ ಕೆಲವು ಜಿಲ್ಲೆಗಳಲ್ಲಿ ಮಣ್ಣಿನ ಗೋಡೆಯ ಮನೆಗಳಲ್ಲಿ, ದನದ ಕೊಟ್ಟಿಗೆಯ ಪಕ್ಕದಲ್ಲಿ ವಾಸಿಸುವ ಕೂಲಿಕಾರರೇ ಈ ರೋಗಕ್ಕೆ ಹೆಚ್ಚಾಗಿ ತುತ್ತಾಗುತ್ತಾರೆ. ತೇವವಾದ ಗೋಡೆಯ ಬಿರುಕುಗಳಲ್ಲಿ ಅಡಗುವ ಮರಳುನೊಣ ರೋಗಾಣುವನ್ನು ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸುತ್ತದೆ. ಎರಡು ವಾರ ಮೀರಿದ ಜ್ವರ, ಊದಿಕೊಂಡ ಗುಲ್ಮ, ರಕ್ತಹೀನತೆ, ದೇಹ ಕೃಶವಾಗುವುದು ಇದರ ಮುಖ್ಯ ಲಕ್ಷಣಗಳು. ಚಿಕಿತ್ಸೆ ದೊರೆಯದಿದ್ದರೆ ಬಹುಪಾಲು ರೋಗಿಗಳಿಗೆ ಸಾವು ಖಚಿತ.

ಸಂಶೋಧನೆಯ ಪರಂಪರೆ

ಈ ರೋಗದ ಅಧ್ಯಯನದಲ್ಲಿ ಭಾರತದ ವೈದ್ಯಕೀಯ ವಿದ್ಯಾಸಂಸ್ಥೆಗಳ ಪಾತ್ರ ಹಿರಿದು. 1903ರಲ್ಲಿ ಮದರಾಸಿನಲ್ಲಿ ಚಾರ್ಲ್ಸ್ ಡೊನೊವನ್ ರೋಗಿಗಳ ಗುಲ್ಮದಲ್ಲಿ ರೋಗಾಣುವನ್ನು ಗುರುತಿಸಿದರು. ಅದೇ ವರ್ಷ ವಿಲಿಯಂ ಲೀಷ್ಮನ್ ಸಹ ಅದನ್ನು ವರದಿ ಮಾಡಿದ್ದರಿಂದ ರೋಗಾಣುವಿಗೆ ಇಬ್ಬರ ಹೆಸರೂ ಸೇರಿ 'ಲೀಷ್ಮೇನಿಯಾ ಡೊನೊವಾನಿ' ಎಂಬ ಹೆಸರಾಯಿತು. 1922ರಲ್ಲಿ ಕಲ್ಕತ್ತೆಯ ವೈದ್ಯ ಅಧ್ಯಾಪಕ ಉಪೇಂದ್ರನಾಥ ಬ್ರಹ್ಮಚಾರಿಯವರು ಯೂರಿಯಾ ಸ್ಟಿಬಮೈನ್ ಎಂಬ ಔಷಧಿಯನ್ನು ಪ್ರಕಟಪಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು.

1950-60ರ ದಶಕಗಳಲ್ಲಿ ಮಲೇರಿಯಾ ನಿವಾರಣೆಗಾಗಿ ನಡೆದ ಡಿ.ಡಿ.ಟಿ. ಸಿಂಪಡಣೆಯಿಂದ ಮರಳುನೊಣವೂ ನಾಶವಾಗಿ ಕಾಲಾ ಆಜಾರ್ ಬಹುತೇಕ ಮರೆಯಾಯಿತು. ಸಿಂಪಡಣೆ ನಿಂತೊಡನೆ 1970ರ ದಶಕದಲ್ಲಿ ಅದು ಬಿಹಾರದಲ್ಲಿ ಮತ್ತೆ ತಲೆಯೆತ್ತಿತು. 1992ರಲ್ಲಿ ದೇಶದಲ್ಲಿ 77 ಸಾವಿರಕ್ಕೂ ಹೆಚ್ಚು ಪ್ರಕರಣಗಳೂ 1,400ಕ್ಕೂ ಹೆಚ್ಚು ಸಾವುಗಳೂ ವರದಿಯಾದವು. ಆ ವೇಳೆಗೆ ಹಳೆಯ ಆಂಟಿಮನಿ ಚುಚ್ಚುಮದ್ದು ಉತ್ತರ ಬಿಹಾರದಲ್ಲಿ ತನ್ನ ಗುಣವನ್ನು ಕಳೆದುಕೊಳ್ಳತೊಡಗಿತ್ತು.

ಒಂದು ತಿಂಗಳಿನಿಂದ ಒಂದು ದಿನಕ್ಕೆ

ಈ ಸಂಕಷ್ಟದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯವಿಜ್ಞಾನ ಸಂಸ್ಥೆಯ ಡಾ. ಶ್ಯಾಮ್ ಸುಂದರ್ ಮತ್ತು ಅವರ ಸಹೋದ್ಯೋಗಿಗಳು ರೋಗಪೀಡಿತ ಪ್ರದೇಶದ ನಡುವಿನ ಮುಜಫರ್‌ಪುರದಲ್ಲಿಯೇ ಸಂಶೋಧನಾ ಕೇಂದ್ರವನ್ನು ನಡೆಸಿ ಹೊಸ ಔಷಧಿಗಳನ್ನು ಪರೀಕ್ಷಿಸಿದರು. ಮೂಲತಃ ಕ್ಯಾನ್ಸರ್‌ಗಾಗಿ ರೂಪಿಸಿದ್ದ ಮಿಲ್ಟೆಫೋಸಿನ್, 2002ರಲ್ಲಿ ಈ ರೋಗದ ಮೊದಲ ನುಂಗುವ ಔಷಧಿಯಾಗಿ ಭಾರತದಲ್ಲಿ ಅನುಮೋದನೆ ಪಡೆಯಿತು. ಆದರೆ ಅದನ್ನು 28 ದಿನ ತಪ್ಪದೆ ಸೇವಿಸಬೇಕಿತ್ತು, ಗರ್ಭಿಣಿಯರಿಗೆ ಕೊಡುವಂತಿರಲಿಲ್ಲ.

2010ರಲ್ಲಿ ಪ್ರಕಟವಾದ ಅವರ ಅಧ್ಯಯನವು ಲೈಪೋಸೋಮಲ್ ಆಂಫೊಟೆರಿಸಿನ್-ಬಿ ಔಷಧಿಯನ್ನು ಒಂದೇ ಬಾರಿ ನರದ ಮೂಲಕ ನೀಡಿದರೆ ನೂರಕ್ಕೆ ಸುಮಾರು 95 ಮಂದಿ ಗುಣಹೊಂದುತ್ತಾರೆಂದು ತೋರಿಸಿತು. ಹಿಂದಿನ ಕ್ರಮದಲ್ಲಿ ರೋಗಿ ಸುಮಾರು ಒಂದು ತಿಂಗಳು ಆಸ್ಪತ್ರೆಯಲ್ಲಿರಬೇಕಿತ್ತು. ದಿನಗೂಲಿಯಿಂದ ಬದುಕುವ ಕುಟುಂಬಕ್ಕೆ ತಿಂಗಳ ಕೂಲಿ ತಪ್ಪಿದರೆ ಸಾಲವೇ ಗತಿ. ಆದುದರಿಂದ ಈ ಒಂದು ದಿನದ ಚಿಕಿತ್ಸೆ ಕೇವಲ ವೈದ್ಯಕೀಯ ಸಾಧನೆಯಲ್ಲ. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ನೀಡಲಾಗುತ್ತಿದೆ.

ತರಬೇತಿಯ ಮಹತ್ವ

ಔಷಧಿ ಇದ್ದರೆ ಸಾಲದು. ರೋಗವನ್ನು ಗುರುತಿಸಬಲ್ಲವರೂ ಬೇಕು. ಬೆರಳ ತುದಿಯ ಒಂದು ಹನಿ ರಕ್ತದಿಂದ ಕೆಲವೇ ನಿಮಿಷಗಳಲ್ಲಿ ಫಲಿತಾಂಶ ನೀಡುವ ಆರ್‌ಕೆ-39 ಪಟ್ಟಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಬಳಸಬಹುದು. ಆದರೆ ಗುಣವಾದ ಮೇಲೂ ಬಹುಕಾಲ ಈ ಪರೀಕ್ಷೆ ರೋಗವಿದೆಯೆಂದೇ ತೋರಿಸಬಹುದಾದ್ದರಿಂದ, ರೋಗಿಯ ಹಿಂದಿನ ವೃತ್ತಾಂತವನ್ನು ವಿಚಾರಿಸಲು ವೈದ್ಯರಿಗೆ ತರಬೇತಿ ಅವಶ್ಯ. ಆಶಾ ಕಾರ್ಯಕರ್ತೆಯರು ದೀರ್ಘಕಾಲದ ಜ್ವರವುಳ್ಳವರನ್ನು ಮನೆ ಮನೆಗಳಲ್ಲಿ ಪತ್ತೆ ಹಚ್ಚುತ್ತಾರೆ. ಸಿಂಪಡಣೆ ಸಿಬ್ಬಂದಿಗೂ ಗೋಡೆಗೆ ಎಷ್ಟು, ಹೇಗೆ ಸಿಂಪಡಿಸಬೇಕೆಂಬ ಶಿಕ್ಷಣ ಅಗತ್ಯ.

ಎಚ್ಚರ ತಪ್ಪದಿರಲಿ

2023ರ ವೇಳೆಗೆ ದೇಶದ ಪ್ರಕರಣಗಳು ವರ್ಷಕ್ಕೆ ಒಂದು ಸಾವಿರಕ್ಕಿಂತ ಕೆಳಗಿಳಿದವು. ಪ್ರತಿ ಬ್ಲಾಕಿನಲ್ಲಿ ಹತ್ತು ಸಾವಿರ ಜನರಿಗೆ ಒಂದಕ್ಕಿಂತ ಕಡಿಮೆ ಪ್ರಕರಣವೆಂಬ ಗುರಿಯನ್ನೂ ಆ ವರ್ಷ ತಲುಪಲಾಯಿತು. ಆದರೂ ಗುಣಹೊಂದಿದ ಕೆಲವರ ಚರ್ಮದಲ್ಲಿ ತಿಂಗಳುಗಳ ಅಥವಾ ವರ್ಷಗಳ ನಂತರ ಮಚ್ಚೆ, ಗಂಟುಗಳು ಕಾಣಿಸಿಕೊಳ್ಳುತ್ತವೆ. ಅವರು ಆರೋಗ್ಯವಂತರಂತೆ ಓಡಾಡುತ್ತಿದ್ದರೂ ಅವರಿಂದ ಮರಳುನೊಣಕ್ಕೆ ರೋಗಾಣು ದೊರೆಯುತ್ತದೆ.

ರೋಗಪೀಡಿತ ಜಿಲ್ಲೆಗಳ ಜನರು ದುಡಿಮೆಗಾಗಿ ದೆಹಲಿ, ಮುಂಬಯಿಯಂತಹ ನಗರಗಳಿಗೆ ಬರುತ್ತಾರೆ. ಅಂತಹವರಲ್ಲಿ ಎರಡು ವಾರ ಮೀರಿದ ಜ್ವರ ಕಂಡುಬಂದರೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು, ಅವರ ಊರಿನ ಹೆಸರನ್ನು ವೈದ್ಯರಿಗೆ ತಿಳಿಸುವುದು ನೆರೆಹೊರೆಯವರು ಮಾಡಬಹುದಾದ ದೊಡ್ಡ ಉಪಕಾರ. ರೋಗ ಅಪರೂಪವಾದಂತೆ ಅದನ್ನು ಗುರುತಿಸುವ ಕಣ್ಣೂ ಅಪರೂಪವಾಗುತ್ತದೆ. ಹಿಂದೊಮ್ಮೆ ಮರೆತುದರ ಬೆಲೆಯನ್ನು ಬಡವರೇ ತೆತ್ತರೆಂಬುದನ್ನು ನೆನಪಿಡಬೇಕು.