ಬ್ರೆಜಿಲ್ ಕಾರ್ನಿವಲ್: ಒಂದು ಹಬ್ಬದ ಇತಿಹಾಸ ಮತ್ತು ಅದರ ಜಮಾ-ಖರ್ಚು

ಬ್ರೆಜಿಲ್ ಎಂದೊಡನೆ ನಮ್ಮ ವ್ಯಾಪಾರಸ್ಥ ಬಂಧುಗಳಿಗೆ ಮೊದಲು ನೆನಪಾಗುವುದು ಕಾಫಿ ಮತ್ತು ಸಕ್ಕರೆ. ಅಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟಿತೆಂದರೆ ಕೊಡಗು, ಚಿಕ್ಕಮಗಳೂರುಗಳಲ್ಲಿ ದರ ವಿಚಾರಿಸುವವರ ಸಂಖ್ಯೆ ಒಮ್ಮೆಲೇ ಏರುತ್ತದೆ. ಆ ದೇಶದೊಡನೆ ನೇರ ವ್ಯವಹಾರ ಇಟ್ಟುಕೊಂಡವರಿಗೆ ಇನ್ನೊಂದು ಸಂಗತಿಯೂ ಅನುಭವಕ್ಕೆ ಬಂದಿರಬಹುದು. ಫೆಬ್ರವರಿ ತಿಂಗಳಲ್ಲಿ ಕಳುಹಿಸಿದ ಪತ್ರಕ್ಕೆ ಉತ್ತರ ಬರುವುದು ನಿಧಾನ. ವರ್ಷ ಆರಂಭವಾಗುವುದೇ ಕಾರ್ನಿವಲ್ ಮುಗಿದ ಮೇಲೆ ಎಂಬ ಮಾತು ಅಲ್ಲಿನ ಜನರ ಬಾಯಲ್ಲೇ ಇದೆ. ಸ್ವಾರಸ್ಯವೆಂದರೆ, ಕಾರ್ನಿವಲ್ ಬ್ರೆಜಿಲ್‌ನ ಕೇಂದ್ರ ಕಾನೂನಿನ ಪ್ರಕಾರ ರಾಷ್ಟ್ರೀಯ ರಜಾದಿನವೇ ಅಲ್ಲ. ಕಾನೂನಿನ ಪುಟದಲ್ಲಿಲ್ಲದ ರಜೆಯನ್ನು ಇಡೀ ದೇಶ ಪಾಲಿಸುತ್ತದೆ! ಈಸ್ಟರ್ ಭಾನುವಾರಕ್ಕೆ 47 ದಿನ ಹಿಂದೆ ಬರುವ ಮಂಗಳವಾರವೇ ಹಬ್ಬದ ಮುಖ್ಯ ದಿನವಾದುದರಿಂದ ದಿನಾಂಕ ವರ್ಷ ವರ್ಷವೂ ಬದಲಾಗುತ್ತದೆ. 2026ರಲ್ಲಿ ಅದು ಫೆಬ್ರವರಿ 17. 2027ರಲ್ಲಿ ಫೆಬ್ರವರಿ 9.

ಈ ಹಬ್ಬವನ್ನು ದೂರದರ್ಶನದಲ್ಲಿ ಕಂಡವರು ಕುಣಿತ, ಗರಿ, ಮಿಂಚು ಇಷ್ಟನ್ನೇ ಕಂಡಿರುತ್ತಾರೆ. ಲೆಕ್ಕ ಪರಿಶೋಧನೆಯ ವೃತ್ತಿಯಲ್ಲಿರುವ ನನಗಾದರೋ ಯಾವುದೇ ವೈಭವವನ್ನು ಕಂಡಾಗ ಮೊದಲು ಏಳುವ ಪ್ರಶ್ನೆ, ಇದರ ಖರ್ಚು ಭರಿಸುವವರು ಯಾರು ಎಂಬುದು. ಆ ಪ್ರಶ್ನೆಯನ್ನು ಹಿಡಿದು ಹೊರಟರೆ ಕಾರ್ನಿವಲ್‌ನ ಇತಿಹಾಸ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಹಬ್ಬದ ಮೂಲ ಪೋರ್ಚುಗಲ್. ನಲವತ್ತು ದಿನಗಳ ಉಪವಾಸ ವ್ರತಕ್ಕೆ ಮುಂಚೆ ಮಾಂಸಾಹಾರಕ್ಕೂ ಮೋಜಿಗೂ ವಿದಾಯ ಹೇಳುವ ದಿನಗಳು ಇವು. ಪೋರ್ಚುಗೀಸ್ ವಲಸಿಗರು ಬ್ರೆಜಿಲ್‌ಗೆ ಕೊಂಡೊಯ್ದ ಆಚರಣೆಯ ಹೆಸರು 'ಎಂತ್ರೂದು'. ಬೀದಿಯಲ್ಲಿ ಹೋಗುವವರ ಮೇಲೆ ನೀರೆರಚುವುದು, ಹಿಟ್ಟು ಎರಚುವುದು, ಸುಗಂಧದ ನೀರು ತುಂಬಿದ ಮೇಣದ ನಿಂಬೆಕಾಯಿಗಳನ್ನು ಎಸೆಯುವುದು ಇದರ ರೀತಿ. ಅದೇ ಪೋರ್ಚುಗೀಸರು ನಮ್ಮ ನೆರೆಯ ಗೋವಾಕ್ಕೂ ಅದನ್ನು ತಂದರು. ಅಲ್ಲಿನ ಕಾರ್ನಿವಲ್‌ಗೆ ಕೊಂಕಣಿಯಲ್ಲಿರುವ 'ಇಂತ್ರೂಜ್' ಎಂಬ ಹೆಸರು ಈ ಎಂತ್ರೂದು ಪದದ್ದೇ ರೂಪ. ಕಾರವಾರದ ಕಡೆಯ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ರಿಯೊ ಡಿ ಜನೈರೊ ನಗರದ ಸಿರಿವಂತರಿಗೆ ಈ ನೀರಾಟ ಅನಾಗರಿಕವೆನಿಸಿತು. ಆಡಳಿತ ಮತ್ತೆ ಮತ್ತೆ ನಿಷೇಧಿಸಿತು. ಅದರ ಬದಲಿಗೆ ಪ್ಯಾರಿಸ್ ಮಾದರಿಯ ಮುಖವಾಡದ ನೃತ್ಯಕೂಟಗಳು 1840ರಿಂದ ಆರಂಭವಾದವು. 1855ರಲ್ಲಿ ಗಣ್ಯರ ಒಂದು ಸಂಘ ಅಲಂಕೃತ ಗಾಡಿಗಳ ಮೆರವಣಿಗೆಯನ್ನು ಹೊರಡಿಸಿತು. ಖ್ಯಾತ ಕಾದಂಬರಿಕಾರ ಜೋಸೆ ಡಿ ಅಲೆಂಕಾರ್ ಅದರ ಸದಸ್ಯರಲ್ಲೊಬ್ಬರು. ಅಂದಿನ ಕಾರ್ನಿವಲ್‌ನ ಖರ್ಚು ಸಿರಿವಂತರದು, ಮೆರೆದವರೂ ಸಿರಿವಂತರೇ. ಬಡವರು ರಸ್ತೆಯ ಬದಿಯಲ್ಲಿ ನಿಂತು ನೋಡುವವರು. ಆದರೂ ಅವರ ತಂಡಗಳು ತಮಟೆ ಡೋಲು ಹಿಡಿದು ಬೀದಿಗಿಳಿಯುವುದನ್ನು ಬಿಡಲಿಲ್ಲ. ಅಂತಹ ಒಂದು ತಂಡಕ್ಕಾಗಿ 1899ರಲ್ಲಿ ಶಿಕಿನ್ಯಾ ಗೊಂಜಾಗಾ ಎಂಬ ಮಹಿಳೆ ರಚಿಸಿದ ಹಾಡು ಇಂದಿಗೂ ಕಾರ್ನಿವಲ್‌ನಲ್ಲಿ ಕೇಳಿಬರುತ್ತದೆ.

1888ರ ಮೇ 13ರಂದು ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾಯಿತು. ಬಿಡುಗಡೆಯ ಜೊತೆಗೆ ಭೂಮಿಯಾಗಲಿ ಪರಿಹಾರವಾಗಲಿ ಸಿಗಲಿಲ್ಲ. ಉತ್ತರದ ಬಾಹಿಯಾ ಪ್ರಾಂತದಿಂದ ಅನೇಕ ಕಪ್ಪು ಕುಟುಂಬಗಳು ಕೆಲಸ ಹುಡುಕಿಕೊಂಡು ರಿಯೊಗೆ ಬಂದವು. ಅವರಲ್ಲಿ ಒಬ್ಬಳು ಹಿಲಾರಿಯಾ ಬಟಿಸ್ಟಾ ಡಿ ಅಲ್ಮೇಡಾ. ಎಲ್ಲರೂ ಕರೆಯುತ್ತಿದ್ದುದು 'ಟಿಯಾ ಸಿಯಾಟಾ', ಎಂದರೆ ಸಿಯಾಟಾ ಚಿಕ್ಕಮ್ಮ ಎಂದು. ಈಕೆ ಬೀದಿಯಲ್ಲಿ ಸಿಹಿತಿಂಡಿ ಮಾರುತ್ತಿದ್ದಳು. ಹಬ್ಬದ ದಿನಗಳಲ್ಲಿ ಬಾಹಿಯಾ ಶೈಲಿಯ ಉಡುಪುಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ಈಕೆಯ ಮನೆಯಲ್ಲಿ ನಡೆಯುತ್ತಿದ್ದ ಕೂಟಗಳಲ್ಲೇ ಸಾಂಬಾ ಸಂಗೀತ ರೂಪ ತಳೆಯಿತು ಎಂದು ಇತಿಹಾಸಕಾರರು ಹೇಳುತ್ತಾರೆ. 'ಪೆಲು ಟೆಲೆಫೋನಿ' ಎಂಬ ಸಾಂಬಾ ಹಾಡನ್ನು ಡೊಂಗಾ ಎಂಬಾತ 1916ರಲ್ಲಿ ರಾಷ್ಟ್ರೀಯ ಗ್ರಂಥಾಲಯದಲ್ಲಿ ತನ್ನ ಹೆಸರಿಗೆ ನೋಂದಾಯಿಸಿದನು. 1917ರ ಕಾರ್ನಿವಲ್‌ನಲ್ಲಿ ಅದು ಎಲ್ಲರ ಬಾಯಲ್ಲಿತ್ತು. ಅದು ಆ ಮನೆಯ ಕೂಟದಲ್ಲಿ ಎಲ್ಲರೂ ಸೇರಿ ಕಟ್ಟಿದ ಹಾಡೆಂದು ಕೂಡಲೇ ತಕರಾರು ಎದ್ದಿತು. ಹತ್ತು ಜನರ ದುಡಿಮೆ, ನೋಂದಣಿ ಮಾತ್ರ ಒಬ್ಬರ ಹೆಸರಿನಲ್ಲಿ! ಪಾಲುದಾರಿಕೆ ಪತ್ರವಿಲ್ಲದೆ ವ್ಯಾಪಾರ ಮಾಡಿದ ಕುಟುಂಬಗಳನ್ನು ಕಂಡಿರುವ ನನಗೆ ಇದು ಹೊಸದೆನಿಸಲಿಲ್ಲ.

1928ರಲ್ಲಿ ರಿಯೊದ ಎಸ್ಟಾಸಿಯೊ ಬಡಾವಣೆಯಲ್ಲಿ ಇಸ್ಮಾಯೆಲ್ ಸಿಲ್ವಾ ಮತ್ತು ಗೆಳೆಯರು 'ದೇಶಾ ಫಲಾರ್' ಎಂಬ ತಂಡ ಕಟ್ಟಿದರು. ಸಮೀಪದಲ್ಲಿ ಶಿಕ್ಷಕರ ತರಬೇತಿ ಶಾಲೆಯೊಂದಿತ್ತು. ಅವರು ಅಲ್ಲಿ ಅಧ್ಯಾಪಕರನ್ನು ತಯಾರಿಸಿದರೆ ನಾವಿಲ್ಲಿ ಸಾಂಬಾ ಅಧ್ಯಾಪಕರನ್ನು ತಯಾರಿಸುತ್ತೇವೆಂದು ತಮಾಷೆಗೆ ತಮ್ಮ ತಂಡವನ್ನು 'ಸಾಂಬಾ ಶಾಲೆ' ಎಂದು ಕರೆದುಕೊಂಡರಂತೆ. ಆ ಹೆಸರೇ ನಿಂತಿತು. ಮೆರವಣಿಗೆಯಲ್ಲಿ ಸಾವಿರಾರು ಕಾಲುಗಳನ್ನು ಒಂದೇ ಹೆಜ್ಜೆಗೆ ತರುವ 'ಸುರ್ದು' ಎಂಬ ದೊಡ್ಡ ಡೋಲನ್ನು ಈ ತಂಡದ ಬಿಡೆ ಎಂಬಾತ ಬೆಣ್ಣೆಯ ಖಾಲಿ ಡಬ್ಬಕ್ಕೆ ಚರ್ಮ ಬಿಗಿದು ತಯಾರಿಸಿದನೆಂದು ಪ್ರತೀತಿ. ಅದೇ ವರ್ಷ ಹುಟ್ಟಿದ ಇನ್ನೊಂದು ಪ್ರಸಿದ್ಧ ಶಾಲೆ 'ಮಾಂಗೇರಾ'. ಪೋರ್ಚುಗೀಸಿನಲ್ಲಿ ಆ ಪದಕ್ಕೆ ಮಾವಿನ ಮರವೆಂದು ಅರ್ಥ. ಮಾವು ಬ್ರೆಜಿಲ್‌ಗೆ ಹೋದದ್ದೂ ಪೋರ್ಚುಗೀಸರ ಹಡಗಿನಲ್ಲಿ, ನಮ್ಮ ಕರಾವಳಿಯ 'ಮಾಂಗ' ಎಂಬ ಹೆಸರಿನ ಸಮೇತ.

1932ರಲ್ಲಿ ಈ ಶಾಲೆಗಳ ನಡುವೆ ಮೊದಲ ಸ್ಪರ್ಧೆ ನಡೆಯಿತು. ಏರ್ಪಡಿಸಿದ್ದು ಒಂದು ಕ್ರೀಡಾ ಪತ್ರಿಕೆ. ಫುಟ್‌ಬಾಲ್ ಇಲ್ಲದ ತಿಂಗಳುಗಳಲ್ಲಿ ಪುಟ ತುಂಬಿಸಲು ಸುದ್ದಿ ಬೇಕಾಗಿತ್ತು. ಸಂಪಾದಕ ಮಾರಿಯೊ ಫಿಲ್ಯು ಈ ಉಪಾಯ ಹೂಡಿದರು. ಗೆದ್ದದ್ದು ಮಾಂಗೇರಾ. 1935ರಲ್ಲಿ ನಗರಾಡಳಿತ ಸಾಂಬಾ ಶಾಲೆಗಳಿಗೆ ಅಧಿಕೃತ ಮಾನ್ಯತೆಯನ್ನೂ ಅನುದಾನವನ್ನೂ ನೀಡಿತು. ಅಲ್ಲಿಯವರೆಗೆ ಪೊಲೀಸರ ಸಂಶಯದ ಕಣ್ಣಿಗೆ ಗುರಿಯಾಗಿದ್ದವರು ಸರ್ಕಾರದ ಖಜಾನೆಯ ಫಲಾನುಭವಿಗಳಾದರು. ಅನುದಾನ ಬಂದ ಮೇಲೆ ನಿಯಮಗಳೂ ಬಂದವು. ಮೆರವಣಿಗೆಯ ವಸ್ತು ದೇಶಭಕ್ತಿಗೆ ಹೊಂದುವಂತಿರಬೇಕೆಂಬ ನಿರೀಕ್ಷೆ ಬೆಳೆಯಿತು. 1960ರ ದಶಕದಲ್ಲಿ ಸಾಲ್ಗೇರೊ ಎಂಬ ಶಾಲೆ ಈ ಜಾಡನ್ನು ಮುರಿದು ಕಪ್ಪು ಜನರ ಇತಿಹಾಸವನ್ನೇ ಮೆರವಣಿಗೆಗೆ ತಂದಿತು. 1963ರಲ್ಲಿ ಶಿಕಾ ಡ ಸಿಲ್ವಾ ಎಂಬ, ಗುಲಾಮಗಿರಿಯಿಂದ ಬಿಡುಗಡೆಗೊಂಡ ಮಹಿಳೆಯ ಕಥೆಯೊಡನೆ ಪ್ರಶಸ್ತಿ ಗೆದ್ದಿತು.

ಇನ್ನು ಹಣದ ಮಾತಿಗೆ ಬರೋಣ. ಒಂದು ದೊಡ್ಡ ಶಾಲೆಯ ಮೆರವಣಿಗೆಯಲ್ಲಿ ಮೂರು ಸಾವಿರದಷ್ಟು ಜನರು, ಇನ್ನೂರೈವತ್ತಕ್ಕೂ ಹೆಚ್ಚು ವಾದ್ಯಗಾರರು, ಮನೆಯೆತ್ತರದ ಹಲವು ರಥಗಳು ಇರುತ್ತವೆ. ಬಡಗಿ, ಬೆಸುಗೆಗಾರ, ದರ್ಜಿ, ಶಿಲ್ಪಿ, ಬಣ್ಣಗಾರ ಇವರೆಲ್ಲರಿಗೆ ತಿಂಗಳುಗಟ್ಟಲೆ ಕೆಲಸ. ಚಲಿಸುವ ಬೃಹತ್ ಶಿಲ್ಪಗಳಿಗಾಗಿ ಅಮೆಜಾನ್ ಪ್ರದೇಶದ ಪರಿಂಚಿನ್ಸ್ ಪಟ್ಟಣದ ಕುಶಲಕರ್ಮಿಗಳು ರಿಯೊಗೆ ಬರುತ್ತಾರೆ. ಬಟ್ಟೆ, ಮಣಿ, ಮಿಂಚು, ಗರಿಗಳ ಚಿಲ್ಲರೆ ವ್ಯಾಪಾರಕ್ಕೆ ನಗರ ಮಧ್ಯದ 'ಸಾರಾ' ಪೇಟೆ ಹೆಸರುವಾಸಿ. ಅರಬ್ ಮತ್ತು ಯಹೂದಿ ಮೂಲದ ವರ್ತಕರು ಅಕ್ಕಪಕ್ಕದಲ್ಲೇ ಅಂಗಡಿ ಇಟ್ಟುಕೊಂಡು 1962ರಲ್ಲಿ ಒಂದೇ ಸಂಘ ಕಟ್ಟಿಕೊಂಡ ಪೇಟೆಯದು. ಸಂಘದ ಹೆಸರಿನ ಮೊದಲಕ್ಷರಗಳೇ ಪೇಟೆಯ ಹೆಸರಾಗಿವೆ.

ಜಮೆಯ ಬದಿಯಲ್ಲಿ ಟಿಕೆಟ್ ಹಣ, ದೂರದರ್ಶನ ಹಕ್ಕು, ನಗರದ ಅನುದಾನ, ಪ್ರಾಯೋಜಕರ ಹಣ, ಅಭ್ಯಾಸ ರಾತ್ರಿಗಳ ಪ್ರವೇಶ ಶುಲ್ಕ, ಹೊರಗಿನವರಿಗೆ ಮಾರುವ ಉಡುಪುಗಳ ಬೆಲೆ. ಬಡಾವಣೆಯ ತಂಡಗಳಿಗೆ ಉಡುಪು ಸಾಮಾನ್ಯವಾಗಿ ಉಚಿತ. ಪ್ರವಾಸಿಗ ಹಣ ಕೊಟ್ಟು ಮೆರವಣಿಗೆ ಸೇರಬಹುದು. ಖರ್ಚು ನಡೆಯುವುದು ವರ್ಷವಿಡೀ, ಸರಕು ರಸ್ತೆಯಲ್ಲಿರುವುದು ಸುಮಾರು ಒಂದೂಕಾಲು ಗಂಟೆ. ಸವಕಳಿ ಲೆಕ್ಕ ಹಾಕುವ ಪ್ರಶ್ನೆಯೇ ಇಲ್ಲ! ಬೂದಿ ಬುಧವಾರದ ದಿನ ತೀರ್ಪುಗಾರರ ಅಂಕಗಳನ್ನು ಬಹಿರಂಗವಾಗಿ ಓದುತ್ತಾರೆ. ವಾದ್ಯ, ಹಾಡು, ಉಡುಪು, ರಥ, ಕಥಾವಸ್ತು ಹೀಗೆ ಒಂಬತ್ತು ಬಾಬುಗಳು. ಹತ್ತನೇ ಒಂದು ಅಂಕದಲ್ಲಿ ಪ್ರಶಸ್ತಿ ಕೈತಪ್ಪುವುದುಂಟು. ನಿಗದಿತ ಸಮಯ ಮೀರಿದರೆ ನಿಮಿಷಕ್ಕಿಷ್ಟೆಂದು ಕಡಿತ. ಕೊನೆಯ ಸ್ಥಾನದ ಶಾಲೆ ಕೆಳಗಿನ ಗುಂಪಿಗೆ ಇಳಿಯುತ್ತದೆ, ಅದರೊಡನೆ ಆದಾಯವೂ ಇಳಿಯುತ್ತದೆ.

ಇದೆಲ್ಲ ಕಣ್ಣಿಗೆ ಕಾಣುವ ಖಾತೆ. ಕಾಣದ ಖಾತೆ ಇನ್ನೊಂದಿದೆ. 1892ರಲ್ಲಿ ರಿಯೊದ ವಿಲಾ ಇಸಾಬೆಲ್ ಬಡಾವಣೆಯಲ್ಲಿ ಬ್ಯಾರನ್ ಡ್ರುಮೊಂಡ್ ಎಂಬ ಶ್ರೀಮಂತ ತನ್ನ ಪ್ರಾಣಿ ಸಂಗ್ರಹಾಲಯದ ನಿರ್ವಹಣೆಗೆ ಹಣ ಸಾಲದೆ, ಪ್ರವೇಶದ ಟಿಕೆಟ್ ಮೇಲೆ 25 ಪ್ರಾಣಿಗಳಲ್ಲಿ ಒಂದರ ಚಿತ್ರ ಮುದ್ರಿಸಿದನು. ಸಂಜೆ ಪ್ರಕಟವಾದ ಪ್ರಾಣಿ ಟಿಕೆಟ್‌ನಲ್ಲಿದ್ದರೆ ಇಪ್ಪತ್ತು ಪಟ್ಟು ಬಹುಮಾನ. ಜನರು ಪ್ರಾಣಿಗಳನ್ನು ನೋಡುವುದನ್ನು ಬಿಟ್ಟು ಟಿಕೆಟ್ ಕೊಳ್ಳತೊಡಗಿದರು. ಆಟ ನಗರಕ್ಕೆಲ್ಲ ಹಬ್ಬಿತು, ಕಾನೂನುಬಾಹಿರವಾಯಿತು, ಆದರೆ ನಿಲ್ಲಲಿಲ್ಲ. ನಮ್ಮಲ್ಲಿ ಮಟಕಾ ಎಂದರೆ ತಿಳಿಯುವವರಿಗೆ ಇದರ ಸ್ವರೂಪ ಕೂಡಲೇ ಅರ್ಥವಾಗುತ್ತದೆ. ಈ 'ಪ್ರಾಣಿ ಆಟ'ದ ದಂಧೆ ನಡೆಸುವವರು ಕ್ರಮೇಣ ಸಾಂಬಾ ಶಾಲೆಗಳ ಪೋಷಕರಾದರು. ಬಡಾವಣೆಯ ಜನರ ಅಭಿಮಾನ ಗಳಿಸಲು, ಮನ್ನಣೆ ಪಡೆಯಲು ಅವರಿಗೆ ಇದಕ್ಕಿಂತ ಅಗ್ಗದ ಮಾರ್ಗ ಇರಲಿಲ್ಲ. 1984ರಲ್ಲಿ ಪ್ರಮುಖ ಶಾಲೆಗಳು ಸೇರಿ 'ಲಿಯೆಸಾ' ಎಂಬ ಒಕ್ಕೂಟ ರಚಿಸಿದಾಗ ಅದರ ಮೊದಲ ಅಧ್ಯಕ್ಷನಾದವನೇ ಈ ದಂಧೆಯ ಪ್ರಬಲ ದೊರೆ ಕಾಸ್ಟರ್ ಡಿ ಆಂಡ್ರಾಡೆ. 1993ರಲ್ಲಿ ನ್ಯಾಯಾಧೀಶೆ ಡೆನಿಸ್ ಫ್ರೊಸಾರ್ಡ್ ಇವನೂ ಸೇರಿದಂತೆ 14 ಮಂದಿಗೆ ಸೆರೆವಾಸ ವಿಧಿಸಿದರು.

ಇಲ್ಲಿ ತೀರ್ಪು ಕೊಡುವುದು ಸುಲಭವಲ್ಲ. ಒಕ್ಕೂಟ ಬಂದ ಮೇಲೆ ಟಿಕೆಟ್ ಮತ್ತು ಪ್ರಸಾರದ ಹಣ ಶಾಲೆಗಳ ಕೈಗೆ ನೇರವಾಗಿ ಬರತೊಡಗಿತು, ವ್ಯವಸ್ಥೆಯಲ್ಲಿ ಶಿಸ್ತು ಬಂದಿತು, ಇದು ನಿಜ. ಆದರೆ ಮೂಲ ಕೇಳಲಾಗದ ಹಣದಿಂದ ನಡೆಯುವ ಸಂಸ್ಥೆಯಲ್ಲಿ ಸದಸ್ಯರು ಲೆಕ್ಕ ಕೇಳುವ ಹಕ್ಕನ್ನೂ ಕಳೆದುಕೊಳ್ಳುತ್ತಾರೆ. ಪ್ರಾಯೋಜಕರ ವಿಷಯದಲ್ಲೂ ಇದೇ ತೊಡಕು. 2006ರಲ್ಲಿ ವಿಲಾ ಇಸಾಬೆಲ್ ಶಾಲೆ ವೆನೆಜುವೆಲಾದ ಸರ್ಕಾರಿ ತೈಲ ಸಂಸ್ಥೆಯ ನೆರವಿನಿಂದ ಲ್ಯಾಟಿನ್ ಅಮೆರಿಕದ ಐಕ್ಯವನ್ನು ವಸ್ತುವಾಗಿಸಿ ಗೆದ್ದಿತು. 2015ರಲ್ಲಿ ಬೇಜಾ-ಫ್ಲೋರ್ ಶಾಲೆ ಗೆದ್ದದ್ದು ಈಕ್ವಟೋರಿಯಲ್ ಗಿನಿ ದೇಶವನ್ನು ಹೊಗಳಿ. ಆ ಸರ್ವಾಧಿಕಾರಿ ಆಡಳಿತದ ಕಡೆಯಿಂದ ದೊಡ್ಡ ಮೊತ್ತ ಬಂದಿದೆಯೆಂಬ ವರದಿಗಳು ದೇಶಾದ್ಯಂತ ವಿವಾದವೆಬ್ಬಿಸಿದವು.

ಸರ್ಕಾರದ ಹಣವೂ ನಿಶ್ಚಿತವಲ್ಲ. 2017ರಲ್ಲಿ ಅಂದಿನ ಮೇಯರ್ ಮಾರ್ಸೆಲೊ ಕ್ರಿವೆಲಾ ಮುಂದಿನ ವರ್ಷದ ಅನುದಾನವನ್ನು ಶಾಲೆಯೊಂದಕ್ಕೆ 20 ಲಕ್ಷ ರಿಯಾಲ್‌ನಿಂದ 10 ಲಕ್ಷಕ್ಕೆ ಇಳಿಸಿದರು. ಉಳಿದ ಹಣ ಶಿಶುವಿಹಾರಗಳಿಗೆ ಎಂದರು. ಹಬ್ಬದಿಂದ ಬರುವ ಪ್ರವಾಸಿಗರು, ಹೋಟೆಲು, ತೆರಿಗೆಗಳ ಲೆಕ್ಕ ಹಾಕಿಲ್ಲವೆಂದು ಶಾಲೆಗಳು ಪ್ರತಿಭಟಿಸಿದವು. ಮಕ್ಕಳ ಊಟವನ್ನೂ ಡೋಲಿನ ಚರ್ಮವನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುವುದು ರಾಜಕಾರಣಿಗೆ ಅನುಕೂಲ. ನಂತರದ ಆಡಳಿತ ಅನುದಾನವನ್ನು ಮತ್ತೆ ಆರಂಭಿಸಿತು.

ಮೆರವಣಿಗೆಯ ಸ್ಥಳದ ಬಗ್ಗೆಯೂ ಒಂದು ಮಾತು. ಆಸ್ಕರ್ ನೀಮೆಯರ್ ವಿನ್ಯಾಸದ 'ಸಾಂಬೋಡ್ರೋಮ್' 1984ರಲ್ಲಿ ಸುಮಾರು ನಾಲ್ಕು ತಿಂಗಳಲ್ಲಿ ಸಿದ್ಧವಾಯಿತು. ಅದಕ್ಕೂ ಮುಂಚೆ ಪ್ರತಿ ವರ್ಷ ತಾತ್ಕಾಲಿಕ ಗ್ಯಾಲರಿ ಕಟ್ಟಿ ಕಳಚುವ ಖರ್ಚು ಬೀಳುತ್ತಿತ್ತು. ಉಳಿದ ತಿಂಗಳುಗಳಲ್ಲಿ ಗ್ಯಾಲರಿಯ ಕೆಳಭಾಗ ಮಕ್ಕಳ ಶಾಲೆಯಾಗುವಂತೆ ಕೊಠಡಿಗಳನ್ನೂ ಕಟ್ಟಿದರು.

ರಿಯೊ ಒಂದೇ ಬ್ರೆಜಿಲ್ ಅಲ್ಲ. ಬಾಹಿಯಾದ ಸಾಲ್ವಡಾರ್‌ನಲ್ಲಿ 1950ರಲ್ಲಿ ಡೊಡೊ ಎಂಬ ರೇಡಿಯೊ ತಂತ್ರಜ್ಞ, ಓಸ್ಮಾರ್ ಎಂಬ ಲೋಹ ಕಾರ್ಖಾನೆಯ ಮಾಲೀಕ ಸೇರಿ 1929ರ ಹಳೆಯ ಫೋರ್ಡ್ ಕಾರಿಗೆ ಧ್ವನಿವರ್ಧಕ ಕಟ್ಟಿ, ತಾವೇ ತಯಾರಿಸಿದ ವಿದ್ಯುತ್ ತಂತಿವಾದ್ಯ ನುಡಿಸುತ್ತ ಬೀದಿಗಿಳಿದರು. ಇಬ್ಬರು ಸಣ್ಣ ಉದ್ಯಮದ ಮನುಷ್ಯರ ಈ ಪ್ರಯೋಗ ಇಂದು ಲಾರಿಗಾತ್ರದ ಸಂಗೀತ ವಾಹನಗಳಾಗಿ ಬೆಳೆದಿದೆ. ಅದೇ ಊರಿನ ಬಂದರು ಕಾರ್ಮಿಕರು 1949ರಲ್ಲಿ ಕಟ್ಟಿದ ತಂಡದ ಹೆಸರು 'ಫಿಲ್ಯುಸ್ ಡಿ ಗಾಂಧಿ', ಗಾಂಧಿಯ ಮಕ್ಕಳು. ಹಿಂದಿನ ವರ್ಷವಷ್ಟೇ ಬಾಪು ಹತರಾಗಿದ್ದರು. ಬಿಳಿ ಉಡುಪು, ಟವೆಲಿನ ಬಿಳಿ ರುಮಾಲು, ನೀಲಿ-ಬಿಳಿ ಮಣಿಸರ ತೊಟ್ಟು ಸಾವಿರಾರು ಜನರು ಇಂದಿಗೂ ಆ ಹೆಸರಿನಲ್ಲಿ ಶಾಂತಿಯ ಮೆರವಣಿಗೆ ನಡೆಸುತ್ತಾರೆ. ಉತ್ತರದ ರೆಸಿಫೆಯಲ್ಲಿ ಸಾಂಬಾಕ್ಕೆ ಬದಲು 'ಫ್ರೆವೊ' ಕುಣಿತ. 2012ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

2011ರ ಫೆಬ್ರವರಿ 7ರ ಬೆಳಿಗ್ಗೆ ರಿಯೊದ ಶಾಲೆಗಳ ಕಾರ್ಯಾಗಾರಗಳಿರುವ 'ಸಾಂಬಾ ನಗರ'ದಲ್ಲಿ ಬೆಂಕಿ ಹೊತ್ತಿತು. ಹಬ್ಬಕ್ಕೆ ಉಳಿದದ್ದು ನಾಲ್ಕೇ ವಾರ. ಮೂರು ಶಾಲೆಗಳ ಸರಕು, ಸುಮಾರು 8,400 ಉಡುಪುಗಳು ಬೂದಿಯಾದವು. ಗ್ರಾಂಡೆ ರಿಯೊ ಎಂಬ ಶಾಲೆಗೆ ಏನೂ ಉಳಿಯಲಿಲ್ಲ. ಜನರು ಮತ್ತೆ ಹೊಲಿಯಲು ಕುಳಿತರು. ಮೂರೂ ಶಾಲೆಗಳು ಮಾರ್ಚ್‌ನಲ್ಲಿ ರಸ್ತೆಗಿಳಿದವು. ಅವಕ್ಕೆ ಅಂಕ ಹಾಕಲಿಲ್ಲ, ಆ ವರ್ಷ ಯಾವ ಶಾಲೆಯನ್ನೂ ಕೆಳಗಿನ ಗುಂಪಿಗೆ ಇಳಿಸಲಿಲ್ಲ.

ಹತ್ತು ವರ್ಷಗಳ ಬಳಿಕ, 2021ರಲ್ಲಿ, ಕೊರೊನಾ ಕಾರಣದಿಂದ ರಿಯೊದಲ್ಲಿ ಮೆರವಣಿಗೆಯೇ ನಡೆಯಲಿಲ್ಲ. ಸಾಂಬಾ ಶಾಲೆಗಳ ದರ್ಜಿಗಳಲ್ಲಿ ಕೆಲವರು ಆಸ್ಪತ್ರೆಗಳಿಗೆ ಮುಖಗವಸು, ನಿಲುವಂಗಿ ಹೊಲಿದರು. 2022ರಲ್ಲಿ ಮೆರವಣಿಗೆಯನ್ನು ಏಪ್ರಿಲ್‌ಗೆ ಮುಂದೂಡಿ ನಡೆಸಿದರು. ಆ ವರ್ಷ ಪ್ರಶಸ್ತಿ ಗೆದ್ದದ್ದು ಬೆಂಕಿಯಲ್ಲಿ ಎಲ್ಲವನ್ನೂ ಕಳೆದುಕೊಂಡಿದ್ದ ಅದೇ ಗ್ರಾಂಡೆ ರಿಯೊ.