ಕಾಯಿಲೆಯಿಂದ ಎದ್ದ ತಂದೆ-ತಾಯಿಯನ್ನು ಹೊರಗೆ ಕರೆದೊಯ್ಯುವಾಗ

ನಿಮ್ಮ ಮನೆಯಲ್ಲಿ ತಾಯಿಯೋ ತಂದೆಯೋ ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಈಗಷ್ಟೇ ಎದ್ದು ಕೂತಿದ್ದಾರೆಯೇ? ಜ್ವರ ಬಿಟ್ಟಿದೆ, ರಿಪೋರ್ಟುಗಳು ಪರವಾಗಿಲ್ಲ, ಡಾಕ್ಟರು "ಇನ್ನು ಸ್ವಲ್ಪ ಓಡಾಡಲಿ" ಎಂದಿದ್ದಾರೆ. ಭಾನುವಾರ ಎಲ್ಲರೂ ಸೇರಿ ಎಲ್ಲಾದರೂ ಹೋಗಿಬರೋಣ ಎಂದು ಮಕ್ಕಳಿಗೆ ಆಸೆ. ಒಳ್ಳೆಯ ಆಸೆಯೇ. ಆದರೆ ಆ ಒಂದು ದಿನ ಅವರಿಗೆ ಔಷಧಿಯೂ ಆಗಬಹುದು, ಮತ್ತೆ ಹಾಸಿಗೆ ಹಿಡಿಯಲು ಕಾರಣವೂ ಆಗಬಹುದು. ಎರಡನ್ನೂ ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ನಮ್ಮ ಅಮ್ಮಿಗೆ ಆಗ 68 ವರ್ಷ. ಜನವರಿಯಲ್ಲಿ ನ್ಯುಮೋನಿಯಾ ಆಗಿ 19 ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಬಂದ ಮೇಲೂ ಸುಮಾರು ಮೂರು ತಿಂಗಳು ಅವರ ಲೋಕವೆಂದರೆ ಒಂದು ಕೋಣೆ, ಒಂದು ಕಿಟಕಿ, ಬಚ್ಚಲುಮನೆಯ ದಾರಿ. ಏಪ್ರಿಲ್ ಕೊನೆಯ ಭಾನುವಾರ ನಾವು ಮಕ್ಕಳು, ಮೊಮ್ಮಕ್ಕಳು ಎರಡು ಕಾರುಗಳಲ್ಲಿ ಮೈಸೂರಿನಿಂದ ಹೊರಟೆವು. ಬೆಳಿಗ್ಗೆ ಶ್ರೀರಂಗಪಟ್ಟಣ, ಮಧ್ಯಾಹ್ನ ನೆಂಟರ ಮನೆಯಲ್ಲಿ ಬಿರಿಯಾನಿ, ಸಂಜೆ ಕೆ.ಆರ್.ಎಸ್. ಅಮ್ಮಿ ಎಲ್ಲದಕ್ಕೂ "ಆಗಲಿ" ಎಂದರು. ಸಂಜೆ ಕಾರಿನಿಂದ ಇಳಿದು ನಿಂತವರಿಗೆ ಕಣ್ಣು ಕತ್ತಲೆ ಬಂತು. ನನ್ನ ತೋಳಿನ ಮೇಲೆ ಕುಸಿದರು. ಮಲಗಿಸಿ, ಕಾಲು ಎತ್ತರಕ್ಕಿಟ್ಟು ರಕ್ತದೊತ್ತಡ ನೋಡಿದರೆ 90/60.

ಆಮೇಲೆ ತಿಳಿಯಿತು. ದಾರಿಯಲ್ಲಿ ಶೌಚಾಲಯಕ್ಕೆ ಹೋಗಬೇಕಾದೀತು ಎಂಬ ಸಂಕೋಚದಿಂದ ಅಮ್ಮಿ ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ. ಬಿ.ಪಿ. ಮಾತ್ರೆ ಮಾತ್ರ ತಪ್ಪದೆ ನುಂಗಿದ್ದರು. ಮೇಲೆ ಏಪ್ರಿಲ್ ಬಿಸಿಲು. ದಿನವಿಡೀ ಪಕ್ಕದಲ್ಲೇ ಇದ್ದೆ, ವೃತ್ತಿಯಿಂದ ವೈದ್ಯ ಬೇರೆ, ಆದರೂ "ನೀರು ಕುಡಿದಿರಾ ಅಮ್ಮಿ?" ಎಂದು ಕೇಳಲು ನನಗೆ ಹೊಳೆಯಲಿಲ್ಲ. ಮುಂದಿನ ಒಂದು ವಾರ ಅವರು ಮತ್ತೆ ಹಾಸಿಗೆಯಲ್ಲೇ ಕಳೆದರು. ಮೂರನೆಯ ದಿನ ನಾನು ಕ್ಷಮೆ ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ನೀವೆಲ್ಲ ನನ್ನನ್ನು ತಿರುಗಾಡಿಸಿದಿರಿ. ನಾನು ಎಲ್ಲಿಗೂ ಹೋಗಲಿಲ್ಲ."

ಈ ಲೇಖನದ ಸಾರವೂ ಆ ಮಾತಿನಲ್ಲೇ ಇದೆ.

ಕಾಯಿಲೆಯೂ ಅಲ್ಲ, ಆರೋಗ್ಯವೂ ಅಲ್ಲ

ರೋಗ ಹೋಗಿದೆ, ಶಕ್ತಿ ಇನ್ನೂ ಬಂದಿಲ್ಲ. ಈ ನಡುವಿನ ಅವಧಿಯನ್ನು ಯುನಾನಿಯಲ್ಲಿ 'ನಖಾಹತ್' ಎನ್ನುತ್ತಾರೆ. ಆ ಸ್ಥಿತಿಯಲ್ಲಿರುವವರು 'ನಾಖಿಹ್'. ಆರೋಗ್ಯ ಮತ್ತು ರೋಗಗಳ ನಡುವೆ ಮೂರನೆಯದೊಂದು ಸ್ಥಿತಿಯಿದೆ ಎಂದು ಜಾಲೀನೂಸ್ ಹೇಳಿದರು. ಇಬ್ನ್ ಸೀನಾ ಆ ವಿಂಗಡಣೆಯನ್ನು ಒಪ್ಪಲಿಲ್ಲ. ಈ ಚರ್ಚೆ ಏನೇ ಇರಲಿ, ಚೇತರಿಸಿಕೊಳ್ಳುವವರ ಆರೈಕೆ ಬೇರೆಯೇ ಎಂಬುದರಲ್ಲಿ ಹಕೀಮರಿಗೆ ಅನುಮಾನವಿರಲಿಲ್ಲ. 'ತದ್ಬೀರ್-ಎ-ನಾಖಿಹೀನ್' ಎಂದು ಅದಕ್ಕೆ ಪ್ರತ್ಯೇಕ ಹೆಸರೇ ಇದೆ.

ಇಂದಿನ ವಿಜ್ಞಾನವೂ ಇದಕ್ಕೆ ಕಾರಣ ಕೊಡುತ್ತದೆ. ವಯಸ್ಸಾದವರು ಕೆಲವೇ ದಿನ ಮಲಗಿದ್ದರೂ ತೊಡೆ ಮತ್ತು ಮೀನಖಂಡದ ಸ್ನಾಯುಗಳು ಕರಗತೊಡಗುತ್ತವೆ. ಎದ್ದು ನಿಂತಾಗ ರಕ್ತ ಕಾಲಿಗೆ ಇಳಿಯುತ್ತದೆ; ಅದನ್ನು ಕೂಡಲೇ ಮೇಲಕ್ಕೆ ಕಳಿಸುವ ಅಭ್ಯಾಸ ರಕ್ತನಾಳಗಳಿಗೆ ತಪ್ಪಿಹೋಗಿರುತ್ತದೆ. ನಿಂತ ಮೂರು ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ತಲೆ ಸುತ್ತಿ ಬೀಳುವ ಅಪಾಯವಿದೆ. ಮುಖ ನೋಡಿದರೆ ಕಳೆ ಬಂದಿರುತ್ತದೆ, ಮಾತು ಲವಲವಿಕೆಯಿಂದ ಇರುತ್ತದೆ. ನಾವು ಮೋಸ ಹೋಗುವುದು ಅಲ್ಲೇ.

ಹೊರಡುವ ಮುಂಚೆ ಮನೆಯಲ್ಲೇ ಪರೀಕ್ಷೆ

ಮೊದಲು ಚಿಕಿತ್ಸೆ ನೀಡಿದ ವೈದ್ಯರ ಒಪ್ಪಿಗೆ ಪಡೆಯಿರಿ. ನಂತರ ಮನೆಯಲ್ಲಿ ಈ ಮೂರನ್ನು ಗಮನಿಸಿ.

1. ಕುರ್ಚಿಯಲ್ಲಿ ಒಂದು ಗಂಟೆ ದಣಿವಿಲ್ಲದೆ ಕೂರಬಲ್ಲರೇ?

2. ಕೋಣೆಯಿಂದ ಬಚ್ಚಲುಮನೆಗೆ ಹೋಗಿ ಬಂದ ಮೇಲೆ ಒಂದು ಪೂರ್ತಿ ವಾಕ್ಯವನ್ನು ಉಸಿರು ಕಟ್ಟದೆ ಹೇಳಬಲ್ಲರೇ?

3. ಮೂರು ಮೆಟ್ಟಿಲು ಆಸರೆ ಹಿಡಿದು ಹತ್ತಿ ಇಳಿಯಬಲ್ಲರೇ?

ಮೂರಕ್ಕೂ ಹೌದು ಎಂದಾದರೆ ಒಂದೆರಡು ವಾರ ತಾಲೀಮು ಮಾಡಿಸಿ. ಮೊದಲು ಸಂಜೆ ಜಗುಲಿಯಲ್ಲಿ ಕೂರಲಿ, ಮುಂದೆ ಬೀದಿಯ ತಿರುವಿನವರೆಗೆ ನಡೆಯಲಿ, ಆಮೇಲೆ ಕಾರಿನಲ್ಲಿ ಹದಿನೈದು ನಿಮಿಷದ ಸುತ್ತು. ಎರಡು ದಿನಗಳೊಳಗೆ ಜ್ವರ ಬಂದಿದ್ದರೆ, ಕೂತಲ್ಲೇ ಏದುಸಿರು ಬರುತ್ತಿದ್ದರೆ ಅಥವಾ ಹೊಸದಾಗಿ ಕಾಲು ಊದಿದ್ದರೆ ಪ್ರಯಾಣ ಮುಂದೂಡಿ, ವೈದ್ಯರಿಗೆ ತೋರಿಸಿ.

ಆರು ವಿಷಯ, ಒಂದು ದಿನ

ಗಾಳಿ, ಅನ್ನಪಾನ, ದೇಹದ ಚಲನೆ-ವಿಶ್ರಾಂತಿ, ಮನಸ್ಸಿನ ಚಲನೆ-ವಿಶ್ರಾಂತಿ, ನಿದ್ದೆ-ಎಚ್ಚರ, ಮಲಮೂತ್ರ ಮುಂತಾದವುಗಳ ವಿಸರ್ಜನೆ. ಬದುಕಿಗೆ ಅನಿವಾರ್ಯವಾದ ಈ ಆರಕ್ಕೆ ಯುನಾನಿಯಲ್ಲಿ 'ಅಸ್ಬಾಬ್-ಎ-ಸಿತ್ತಾ ಝರೂರಿಯಾ' ಎಂದು ಹೆಸರು. ಹೊರಗೆ ಹೋಗುವ ದಿನವನ್ನೂ ಈ ಆರರ ಮೇಲೆಯೇ ಯೋಜಿಸಿ.

ಗಾಳಿ: ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರೊಳಗೆ ಅಥವಾ ಅಸ್ರ್ ನಮಾಝಿನ ನಂತರ ಹೋಗಿ. ಚಳಿಗಾಲದಲ್ಲಿ ಮಂಜು ಕರಗಿ ಬಿಸಿಲು ಬರುವವರೆಗೆ ಕಾಯಿರಿ. ಧೂಳು, ಹೊಗೆ, ಜನಜಂಗುಳಿ ಇರುವ ಜಾಗ ಬೇಡ. ಶ್ವಾಸಕೋಶದ ಕಾಯಿಲೆಯಿಂದ ಎದ್ದವರಿಗಂತೂ ಖಂಡಿತ ಬೇಡ. ತಾಯಂದಿರ ಬುರ್ಖಾ ಸೆಕೆಗಾಲದಲ್ಲಿ ದಪ್ಪ ಸಿಂಥೆಟಿಕ್ ಬಟ್ಟೆಯದ್ದಾಗಿರದೆ ಹಗುರವಾದ ಹತ್ತಿಯದ್ದಾಗಿರಲಿ.

ಅನ್ನಪಾನ: ಅಂದು ವಿಶೇಷ ಅಡುಗೆಯ ದಿನವಲ್ಲ. ನಾಖಿಹ್‌ಗೆ ಹಸಿವು ಬೇಗ ಮರಳುತ್ತದೆ, ಜೀರ್ಣಶಕ್ತಿ ತಡವಾಗಿ ಮರಳುತ್ತದೆ. ನೆಂಟರ ಮನೆಯ ಬಿರಿಯಾನಿಯನ್ನು "ಒಂದು ತುತ್ತು, ನಮಗೋಸ್ಕರ" ಎಂದು ಬಲವಂತ ಮಾಡಬೇಡಿ. ಇಡ್ಲಿ, ಮೆತ್ತಗಿನ ಕಿಚಡಿ, ಎಣ್ಣೆ ಕಡಿಮೆಯಿರುವ ಕೋಳಿ ಯಖ್ನಿ, ಫ್ಲಾಸ್ಕಿನಲ್ಲಿ ಜವೆಗೋಧಿಯ ಗಂಜಿನೀರು ಸಾಕು. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ರಸ್ತೆಬದಿಯಲ್ಲಿ ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಕಬ್ಬಿನ ಹಾಲು ಬೇಡವೇ ಬೇಡ. ಖಮೀರ, ಮುರಬ್ಬಗಳಲ್ಲಿ ಸಕ್ಕರೆ ಹೆಚ್ಚು. ಮಧುಮೇಹಿಗಳಿಗೆ ಕೇಳದೆ ಕೊಡಬೇಡಿ. ಎಳನೀರಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ವಿಸರ್ಜನೆ: ಹೆಚ್ಚಿನ ಕುಟುಂಬಗಳು ಮರೆಯುವುದು ಇದನ್ನೇ. ನಮ್ಮ ಹಿರಿಯರು, ಅದರಲ್ಲೂ ತಾಯಂದಿರು, ಶೌಚಾಲಯದ ಭಯದಿಂದ ನೀರು ಬಿಡುತ್ತಾರೆ. ಕೆಲವರು ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಯಾರಿಗೂ ಹೇಳದೆ ಅಂದು ನಿಲ್ಲಿಸುತ್ತಾರೆ. ಮೊದಲನೆಯದರಿಂದ ತಲೆಸುತ್ತು, ಮೂತ್ರದ ಸೋಂಕು; ಎರಡನೆಯದರಿಂದ ಹೃದ್ರೋಗಿಗಳಲ್ಲಿ ಉಬ್ಬಸ. ಆದ್ದರಿಂದ ಜಾಗ ಆರಿಸುವಾಗ ನೋಟಕ್ಕಿಂತ ಮೊದಲು ಶೌಚಾಲಯ ನೋಡಿ. ಹತ್ತಿರದಲ್ಲಿ ಪರಿಚಯದವರ ಮನೆಯಿದ್ದರೆ ಮುಂಚೆಯೇ ಹೇಳಿಡಿ. "ಅಮ್ಮಿ, ಅಲ್ಲಿ ವ್ಯವಸ್ಥೆ ಇದೆ, ನಾನು ಜೊತೆಗೆ ಬರುತ್ತೇನೆ" ಎಂದು ಮಗಳೋ ಸೊಸೆಯೋ ಹೊರಡುವ ಮುನ್ನವೇ ಹೇಳಲಿ. ಆ ಒಂದು ಮಾತಿಗೆ ಅವರು ನೀರು ಕುಡಿಯುತ್ತಾರೆ. ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕೊಡಿ. ನೀರಿಗೆ ಮಿತಿ ಹೇಳಿದ್ದರೆ ಆ ಮಿತಿಯೊಳಗೆ. ಮಾತ್ರೆಯ ಸಮಯ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಚಲನೆ ಮತ್ತು ವಿಶ್ರಾಂತಿ: ಮೊದಲ ಸಲ ಒಂದೇ ಜಾಗ, ಅರ್ಧ ಗಂಟೆಯೊಳಗಿನ ದಾರಿ, ಹೋಗಿ ಬರುವುದೆಲ್ಲ ಸೇರಿ ಮೂರು-ನಾಲ್ಕು ಗಂಟೆ. ಮನೆಯಲ್ಲಿ ಎಷ್ಟು ನಡೆಯಬಲ್ಲರೋ ಅದರ ಅರ್ಧ ಮಾತ್ರ ಅಲ್ಲಿ ನಡೆಯಲಿ; ಉಳಿದರ್ಧ ವಾಪಸು ಬರಲು ಬೇಕು. ಮಡಚುವ ಕುರ್ಚಿ ಒಯ್ಯಿರಿ. ಕಾರಿನ ಮುಂದಿನ ಸೀಟಿನಲ್ಲಿ ಮೊದಲು ಕೂತು, ಆಮೇಲೆ ಕಾಲುಗಳನ್ನು ಒಳಗೆಳೆದುಕೊಳ್ಳಲಿ. ಇಳಿಯುವಾಗ ಕಾಲು ಹೊರಗಿಟ್ಟು ಎರಡು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡಿಸಿ, ನಂತರ ಏಳಲಿ. ಅಂದು ಸಂಜೆ ಅಮ್ಮಿಯನ್ನು ನಾನು ಹೀಗೆ ಕೂರಿಸಿದ್ದರೆ ಅವರು ಕುಸಿಯುತ್ತಿರಲಿಲ್ಲವೇನೋ. ನಮಾಝಿನ ಹೊತ್ತಾದರೆ ನಿಲ್ಲಲಾಗದವರು ಕುರ್ಚಿಯಲ್ಲಿ ಕೂತೇ ನಿರ್ವಹಿಸಲಿ. ಒದ್ದೆ ನೆಲದಲ್ಲಿ ನಿಂತು ಕಾಲು ಎತ್ತಿ ವುಝೂ ಮಾಡುವಾಗ ಜಾರಿ ಬೀಳುವವರು ಬಹಳ; ಕೂರಿಸಿ ನೀವು ನೀರು ಹಾಕಿ.

ನಿದ್ದೆ: ಹಿಂದಿನ ರಾತ್ರಿ ಬೇಗ ಮಲಗಲಿ. ಅಂದು ಮಧ್ಯಾಹ್ನದ ವಿಶ್ರಾಂತಿ ಮನೆಯ ಹಾಸಿಗೆಯಲ್ಲೇ ಆಗಲಿ.

ಮನಸ್ಸು: ಐದೂ ಸರಿಯಾಗಿ, ಇದೊಂದು ತಪ್ಪಿದರೆ ಪ್ರಯೋಜನವಿಲ್ಲ. ತಿಂಗಳುಗಟ್ಟಲೆ ಅವರ ಊಟ, ಸ್ನಾನ, ನಿದ್ದೆ ಎಲ್ಲವನ್ನೂ ಬೇರೆಯವರೇ ತೀರ್ಮಾನಿಸಿದ್ದಾರೆ. ಹೊರಗೆ ಹೋಗುವುದನ್ನೂ ನಾವೇ ತೀರ್ಮಾನಿಸಿದರೆ ಅದು ಆಸ್ಪತ್ರೆಯ ಇನ್ನೊಂದು ವಾರ್ಡಾಗುತ್ತದೆ, ಅಷ್ಟೆ. ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಅವರು ಹೇಳಲಿ. "ಸಾಕು, ಹೋಗೋಣ" ಎಂದ ಕೂಡಲೇ ಹೊರಡಿ. ಹತ್ತು ಜನರ ಸದ್ದುಗದ್ದಲಕ್ಕಿಂತ ಇಬ್ಬರ ಜೊತೆ ಮೇಲು.

ಜೊತೆಗಿರಲಿ, ಎಚ್ಚರವಿರಲಿ

ಮಾತ್ರೆಗಳು, ಡಿಸ್ಚಾರ್ಜ್ ಕಾಗದದ ನಕಲು, ಕುದಿಸಿ ಆರಿಸಿದ ನೀರು, ಒಂದು ಜೊತೆ ಬಟ್ಟೆ, ಓ.ಆರ್.ಎಸ್. ಪೊಟ್ಟಣ ಚೀಲದಲ್ಲಿರಲಿ. ಇನ್ಸುಲಿನ್ ಅನ್ನು ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಮಧುಮೇಹಿಗಳು ಬೆವರಿ ನಡುಗಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಎದೆನೋವು, ಹತ್ತು ನಿಮಿಷ ಕೂತರೂ ಇಳಿಯದ ಏದುಸಿರು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಸೋಲುವುದು, ಪ್ರಜ್ಞೆ ತಪ್ಪುವುದು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಒತ್ತಿ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ಆಸ್ಪತ್ರೆಗೆ ಹೋಗಿ.

ಮರುದಿನ ಪೂರ್ತಿ ವಿಶ್ರಾಂತಿ. ಒಂದು ರಾತ್ರಿಯ ನಿದ್ದೆಗೆ ದಣಿವು ಇಳಿದರೆ ಪ್ರಮಾಣ ಸರಿಯಾಗಿತ್ತು ಎಂದರ್ಥ. ಎರಡನೆಯ ದಿನವೂ ಸುಸ್ತಿದ್ದರೆ ಮುಂದಿನ ಸಲ ಅರ್ಧಕ್ಕೆ ಇಳಿಸಿ.

ಅಮ್ಮಿ ಹೋದ ಜಾಗ

ಜುಲೈಯಲ್ಲಿ ನಾನು ಅಮ್ಮಿಯನ್ನು ಕೇಳಿದೆ, "ಎಲ್ಲಿಗೆ ಹೋಗಬೇಕು ಅನಿಸುತ್ತದೆ?" "ನಿಮ್ಮಿಷ್ಟ" ಎಂದರು. ಮರುದಿನ ಮತ್ತೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಂಜಾಂ" ಎಂದರು. ಶ್ರೀರಂಗಪಟ್ಟಣದ ಗಂಜಾಂ ಅವರ ತವರು. ತವರಿನ ಮನೆ ಮಾರಿ ಎಷ್ಟೋ ವರ್ಷವಾಗಿದೆ. ಏಪ್ರಿಲ್‌ನಲ್ಲಿ ನಮ್ಮ ಕಾರುಗಳು ಆ ಬೀದಿಯ ಪಕ್ಕದಲ್ಲೇ ಹಾದುಹೋಗಿದ್ದವು. ಯಾರೂ ನಿಲ್ಲಿಸಿರಲಿಲ್ಲ, ಅವರೂ ಕೇಳಿರಲಿಲ್ಲ.

ಮಳೆ ಬಿಟ್ಟ ಒಂದು ಬೆಳಿಗ್ಗೆ ಎಂಟಕ್ಕೆ ನಾವು ಮೂವರೇ ಹೊರಟೆವು. ಮುಂದಿನ ಸೀಟಿನಲ್ಲಿ ಕೂತ ಅಮ್ಮಿ ನನ್ನ ತಮ್ಮನಿಗೆ ದಾರಿ ಹೇಳುತ್ತಿದ್ದರು: "ಇಲ್ಲಿ ಎಡಕ್ಕೆ, ನಿಧಾನ." ಹಳೆಯ ಮನೆಯ ಮುಂದೆ ಕಾರಿನಲ್ಲೇ ಕೂತು ಬಾಗಿಲು ನೋಡಿದರು. ಗಂಜಾಂ ಅಂಜೂರಕ್ಕೆ ಹೆಸರಾದ ಊರು. ಹಿತ್ತಲಿನ ಅಂಜೂರದ ಮರ ಹತ್ತಿ ಬಿದ್ದ ಕಥೆಯನ್ನು ನಾವು ಅಂದೇ ಮೊದಲು ಕೇಳಿದ್ದು. ಟಿಪ್ಪು ತನ್ನ ತಂದೆಗಾಗಿ ಕಟ್ಟಿಸಿದ ಗುಂಬಜ್ ಅಲ್ಲೇ ಹತ್ತಿರ. ಎತ್ತರದ ಜಗತಿಯ ಮೆಟ್ಟಿಲು ಹತ್ತಲಿಲ್ಲ; ಕೆಳಗೆ ಮರದ ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ದುಆ ಮಾಡಿದರು, ಗಂಜಿನೀರು ಕುಡಿದರು, ನೂರು ಹೆಜ್ಜೆ ನಡೆದರು. ಹತ್ತೂಕಾಲಿಗೆ "ಸಾಕು, ಹೋಗೋಣ" ಎಂದರು. ಹೊರಟೆವು.

ಆ ರಾತ್ರಿ ಒಂದೇ ನಿದ್ದೆ. ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಯಿಂದ ಸದ್ದು ಬಂತು. ನೋಡಿದರೆ ಅಮ್ಮಿ ಕುರ್ಚಿ ಎಳೆದುಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಆರು ತಿಂಗಳಲ್ಲಿ ಯಾವ ಖಮೀರವೂ ಮಾಡದ ಕೆಲಸವದು.

ನಿಮ್ಮ ಮನೆಯಲ್ಲೂ ಚೇತರಿಸಿಕೊಳ್ಳುತ್ತಿರುವ ಹಿರಿಯರಿದ್ದರೆ ಇಂದು ಸಂಜೆ ಅವರ ಪಕ್ಕ ಕೂತು ಎಲ್ಲಿಗೆ ಹೋಗಬೇಕೆಂದು ಕೇಳಿ. ಮೊದಲ ಉತ್ತರ "ನಿಮ್ಮಿಷ್ಟ" ಎಂದೇ ಬರಬಹುದು. ನಾಳೆ ಇನ್ನೊಮ್ಮೆ ಕೇಳಿ.