ಓದಿ ಮುಗಿಯಿತೋ, ಓದಲಾಗಲಿಲ್ಲವೋ?



ಕಂಪ್ಯೂಟರ್ ಕಲಿಯುವ ನಮ್ಮ ಹುಡುಗರು ಸಿ ಭಾಷೆಯಲ್ಲಿ ಫೈಲು ಓದುವ ಪ್ರೋಗ್ರಾಂ ಬರೆಯುತ್ತಾರೆ. ಹತ್ತು ಸಾಲಿನ ಫೈಲಿನ ಮೇಲೆ ಅದು ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಅದರ ಬಗ್ಗೆ ಈ ಹೊತ್ತು ನಾಲ್ಕು ಮಾತು.

ಯೂನಿಕ್ಸ್, ಲಿನಕ್ಸ್‌ಗಳಲ್ಲಿ ಫೈಲಿನಿಂದ ಬೈಟುಗಳನ್ನು ತರಿಸಿಕೊಳ್ಳುವ ಕರೆಗೆ 'ರೀಡ್' ಎಂದು ಹೆಸರು. ಯಾವ ಫೈಲು, ಎಲ್ಲಿ ತಂದಿಡಬೇಕು, ಹೆಚ್ಚೆಂದರೆ ಎಷ್ಟು ಬೈಟು, ಇಷ್ಟನ್ನು ಹೇಳಿ ಕರೆಯಬೇಕು. ಮರಳಿ ಒಂದು ಸಂಖ್ಯೆ ಬರುತ್ತದೆ. ಗುಟ್ಟೆಲ್ಲ ಆ ಸಂಖ್ಯೆಯಲ್ಲಿದೆ.

ಕ್ಯಾಷಿಯರ್ ಹತ್ತಿರ ನೂರು ನೋಟು ಕೇಳಿದಿರಿ, ಅವರು ಅರವತ್ತು ಕೊಟ್ಟರು ಅನ್ನಿ. ಎಣಿಸಿಕೊಂಡು ಉಳಿದ ನಲವತ್ತನ್ನು ಮತ್ತೆ ಕೇಳಬೇಕು. ರೀಡ್ ಕೂಡ ಹಾಗೆಯೇ. 4096 ಬೈಟು ಕೇಳಿದರೆ 1000 ಬರಬಹುದು, ಅದು ತಪ್ಪಲ್ಲ. ನೆಟ್‌ವರ್ಕಿನಿಂದ ಓದುವಾಗ ಇದು ದಿನನಿತ್ಯದ ಮಾತು. ಕೇಳಿದ್ದೆಲ್ಲ ಬಂತೆಂದು ಎಣಿಸದೆ ಮುಂದೆ ಹೋದರೆ ಬಫರಿನಲ್ಲಿ ಮೊದಲೇ ಬಿದ್ದಿದ್ದ ಕಸವೂ ಲೆಕ್ಕಕ್ಕೆ ಸೇರುತ್ತದೆ.

ಸೊನ್ನೆ ಬಂದರೆ ಫೈಲು ಮುಗಿಯಿತು. ಮೈನಸ್ ಒಂದು ಬಂದರೆ ಓದಲಾಗಲಿಲ್ಲ. ಏಕೆಂಬುದನ್ನು 'ಎರ್ನೋ' ಹೇಳುತ್ತದೆ. ಇಐಎನ್‌ಟಿಆರ್ ಇದ್ದರೆ ನಡುವೆ ಸಿಗ್ನಲ್ ಬಂದು ಅಡ್ಡಿಯಾಗಿದೆ, ಮತ್ತೆ ಕರೆದರೆ ಸಾಕು. ಇಐಒ ಇದ್ದರೆ ಡಿಸ್ಕಿಗೇ ಏಟು ಬಿದ್ದಿರಬಹುದು, ಅಲ್ಲಿಗೆ ನಿಲ್ಲಿಸಿ ಹೇಳಿಬಿಡಬೇಕು.

ಆದರೆ ಬಹಳ ಜನ 'ಸೊನ್ನೆಗಿಂತ ಹೆಚ್ಚು ಇರುವವರೆಗೆ ಓದು' ಎಂದಷ್ಟೇ ಬರೆದು ಬಿಡುತ್ತಾರೆ. ಸೊನ್ನೆ ಬಂದರೂ ಮೈನಸ್ ಒಂದು ಬಂದರೂ ಲೂಪು ಒಂದೇ ಬಾಗಿಲಿನಿಂದ ಹೊರಬರುತ್ತದೆ. ಐನೂರು ಪುಟದ ಲೆಡ್ಜರು ಮುನ್ನೂರನೇ ಪುಟದಲ್ಲಿ ಕೆಟ್ಟಿದ್ದರೆ, ಆ ಮುನ್ನೂರು ಪುಟದ ಮೊತ್ತವೇ ನೀಟಾಗಿ ಪ್ರಿಂಟಾಗಿ ಬರುತ್ತದೆ. ಯಾರಿಗೂ ಅನುಮಾನ ಬಾರದು. ಉಳಿದ ಇನ್ನೂರು ಪುಟದವರ ಹಣ ಎಲ್ಲಿ? ಪ್ರೋಗ್ರಾಂ ಕೂಗಿಕೊಂಡು ನಿಂತಿದ್ದರೇ ಎಷ್ಟೋ ವಾಸಿ.

ಇನ್ನೊಂದು ಮಾತು. ಮರಳಿ ಬಂದ ಸಂಖ್ಯೆಯನ್ನು ಮೈನಸ್ ಹಿಡಿಯದ ಜಾತಿಯ ವೇರಿಯಬಲ್‌ನಲ್ಲಿ ಇಡಬಾರದು. ಅಲ್ಲಿ ಮೈನಸ್ ಒಂದು ಭಾರಿ ದೊಡ್ಡ ಸಂಖ್ಯೆಯಾಗಿ ಕಾಣುತ್ತದೆ.

ಇನ್ನು ಗಾತ್ರದ ಮಿತಿ. 32 ಬಿಟ್ಟಿನ ಲೆಕ್ಕದಲ್ಲಿ ಫೈಲಿನ ಸ್ಥಾನ 2147483647ಕ್ಕೆ ನಿಲ್ಲುತ್ತದೆ, ಅಂದರೆ ಎರಡು ಗಿಗಾಬೈಟಿಗೆ ಒಂದು ಬೈಟು ಕಡಿಮೆ. ಅದಕ್ಕಿಂತ ದೊಡ್ಡ ಫೈಲನ್ನು ಹಳೆಯ ರೀತಿಯಲ್ಲಿ ಕಂಪೈಲ್ ಮಾಡಿದ ಪ್ರೋಗ್ರಾಂ ತೆರೆಯಲೂ ಆಗದು. 64 ಬಿಟ್ಟಿನ ಲಿನಕ್ಸಿನಲ್ಲೂ ಒಂದು ಕರೆಗೆ 2147479552 ಬೈಟಿಗಿಂತ ಹೆಚ್ಚು ಸಿಗದು. ಒಂದೇ ಸಲಕ್ಕೆ ಇಡೀ ಫೈಲು ನುಂಗುವ ಆಸೆ ಬೇಡ.

ಮೊದಲೇ ಫೈಲಿನ ಗಾತ್ರ ಕೇಳಿಕೊಂಡರೂ ಪೂರ್ತಿ ನಂಬಬಾರದು, ಓದುತ್ತಿರುವಾಗಲೇ ಅದು ಬೆಳೆಯಬಹುದು. ಲಿನಕ್ಸಿನ 'ಪ್ರೊಕ್' ಒಳಗಿನ ಎಷ್ಟೋ ಫೈಲುಗಳು ಸೊನ್ನೆ ಎಂದು ಹೇಳಿ ಒಳಗೆ ವಿಷಯ ಇಟ್ಟುಕೊಂಡಿರುತ್ತವೆ. ಆದ್ದರಿಂದ ಸೊನ್ನೆ ಮರಳುವವರೆಗೂ ಓದಬೇಕು, ಆದರೆ ಮೆಮೊರಿ ತುಂಬದಂತೆ ನಮ್ಮದೇ ಮಿತಿಯೊಂದು ಇರಲಿ. ಮಿತಿ ಹತ್ತು ಲಕ್ಷ ಬೈಟಾದರೆ ಇನ್ನೊಂದು ಬೈಟಿಗೂ ಜಾಗವಿಟ್ಟು ಓದುತ್ತಾ ಹೋಗಿ. ಆ ಒಂದು ಬೈಟೂ ಬಂದರೆ, 'ಫೈಲು ಮಿತಿ ಮೀರಿದೆ' ಎಂದು ಹೇಳಿ ನಿಲ್ಲಿಸಿ.